ದೊಡ್ಡ ಮೀನಿದ್ದೂ ಮರಿಯಿಲ್ಲದ ನದಿ: ರೇನ್‌ಬೋ ಟ್ರೌಟ್‌ನ ಗಿರಕಿ ರೋಗದ ಒಂದು ಪ್ರಕರಣ

ಈ ಪ್ರಕರಣ ನಡೆದದ್ದು ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ, ಕೊಲೊರಾಡೊ ನದಿಯ ಮೇಲ್ಭಾಗದ ಒಂದು ಹರವಿನಲ್ಲಿ. ನದಿಯ ಹೆಸರನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅದರ ಅಂಕಿಅಂಶಗಳು ಪ್ರಕಟವಾಗಿ ಎಷ್ಟೋ ವರ್ಷಗಳಾಗಿವೆ. ಆದರೆ ದಂಡೆಯ ಜಮೀನು ಯಾರದು, ರೋಗ ಮೊದಲು ಕಂಡ ಮರಿಕೇಂದ್ರ ಯಾವುದು, ಯಾವ ಅಧಿಕಾರಿ ಯಾವ ಕಡತಕ್ಕೆ ಸಹಿ ಹಾಕಿದರು ಎಂಬುದೆಲ್ಲ ಇಲ್ಲಿ ಬೇಡ. ಆ ಹೊತ್ತಿಗೆ ಅವರಿಗೆ ಏನು ಗೊತ್ತಿತ್ತು, ಅದನ್ನು ನಂಬಿ ಏನು ತೀರ್ಮಾನಿಸಿದರು ಎಂಬುದಷ್ಟೇ ನಮಗೆ ಬೇಕಾದ ವಿಷಯ. ಮೀನಿನ ಆರೋಗ್ಯದ ಕೆಲಸ ಮಾಡುವವರಿಗೆ, ಅದರಲ್ಲೂ ರೋಗನಿರೋಧಕ ತಳಿ ಎಂದರೆ ಎಲ್ಲಕ್ಕೂ ಪರಿಹಾರ ಎಂದು ಭಾವಿಸಿರುವವರಿಗೆ, ಇದು ಓದಲೇಬೇಕಾದ ಪ್ರಕರಣ ಎಂಬುದು ನನ್ನ ಅಭಿಪ್ರಾಯ.

ನದಿ, ಮೀನು ಮತ್ತು ಹೊರಗಿನಿಂದ ಬಂದವರು

ರೇನ್‌ಬೋ ಟ್ರೌಟ್ ಆ ನದಿಯ ಮೂಲನಿವಾಸಿಯಲ್ಲ. ಅದರ ತವರು ಪೆಸಿಫಿಕ್ ಸಾಗರಕ್ಕೆ ಸೇರುವ ಪಶ್ಚಿಮ ತೀರದ ನದಿಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಲೊರಾಡೊಗೆ ತಂದು ಬಿಟ್ಟರು. ಅದು ಚೆನ್ನಾಗಿ ನೆಲೆಯೂರಿತು. ಗಾಳ ಹಾಕುವವರಿಗೆ ಅಚ್ಚುಮೆಚ್ಚಿನ ಮೀನಾಯಿತು. ಇಲ್ಲಿನ ನೀರಿಗೆ ತಲೆಮಾರುಗಳಿಂದ ಒಗ್ಗಿಕೊಂಡು ಬೆಳೆದದ್ದಕ್ಕೆ 'ಕೊಲೊರಾಡೊ ರಿವರ್ ರೇನ್‌ಬೋ' ಎಂಬ ತಳಿಯ ಹೆಸರೇ ಬಂತು. ಅದರ ಜೊತೆಗೆ ಬಾಳುತ್ತಿದ್ದ ಬ್ರೌನ್ ಟ್ರೌಟ್ ಯೂರೋಪಿನಿಂದ ಬಂದದ್ದು. ಹೀಗೆ ಎರಡೂ ವಲಸಿಗ ಮೀನುಗಳು ಹಲವು ದಶಕಗಳ ಕಾಲ ಒಂದೇ ನದಿಯನ್ನು ಹಂಚಿಕೊಂಡಿದ್ದವು.

ಮೂರನೆಯದಾಗಿ ಬಂದದ್ದು ಗಿರಕಿ ರೋಗ ತರುವ ಒಂದು ಪರಾವಲಂಬಿ: ಮಿಕ್ಸೊಬೋಲಸ್ ಸೆರೆಬ್ರಾಲಿಸ್. ಇದೂ ಯೂರೋಪಿನದೇ. ಅಲ್ಲಿನ ಬ್ರೌನ್ ಟ್ರೌಟ್ ಜೊತೆ ಬಹುಕಾಲ ಬದುಕಿ, ಪರಸ್ಪರ ರಾಜಿಯಾದ ಜೀವಿ. ಬ್ರೌನ್ ಟ್ರೌಟ್ ಸೋಂಕನ್ನು ಹೊತ್ತರೂ ಸಾಮಾನ್ಯವಾಗಿ ಹೆಚ್ಚೇನೂ ನರಳುವುದಿಲ್ಲ. ರೇನ್‌ಬೋ ಟ್ರೌಟ್‌ಗೆ ಈ ಪರಾವಲಂಬಿಯ ಪರಿಚಯವೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ಮೊಟ್ಟೆಗಳನ್ನು 1880ರ ದಶಕದಲ್ಲಿ ಜರ್ಮನಿಗೆ ಒಯ್ದ ಮೇಲೆಯೇ ಅಲ್ಲಿನ ಕೊಳಗಳಲ್ಲಿ ಈ ರೋಗ ಕಣ್ಣಿಗೆ ಬಿದ್ದದ್ದು. 1903ರಲ್ಲಿ ಬ್ರೂನೊ ಹೋಫರ್ ಪರಾವಲಂಬಿಯನ್ನು ವಿವರಿಸಿದರು. ಅಮೆರಿಕದಲ್ಲಿ ಇದು 1950ರ ದಶಕದಲ್ಲಿ ಪೂರ್ವದ ಕಡೆ ಕಾಣಿಸಿಕೊಂಡಿತು. ಕೊಲೊರಾಡೊದಲ್ಲಿ ಪತ್ತೆಯಾದದ್ದು 1987ರಲ್ಲಿ, ಹೊರಗಿನಿಂದ ತಂದ ಮೀನಿನ ಮೂಲಕ.

ರೋಗ ಬಂದ ಮರಿ ತನ್ನದೇ ಬಾಲವನ್ನು ಅಟ್ಟಿಸಿಕೊಂಡು ಹೋಗುವಂತೆ ಗಿರಕಿ ಹೊಡೆಯುತ್ತದೆ. ಬಾಲದ ಭಾಗ ಕಪ್ಪಾಗುತ್ತದೆ. ತಲೆಬುರುಡೆ ಸೊಟ್ಟಗಾಗುತ್ತದೆ, ಕೆಲವಕ್ಕೆ ಬೆನ್ನು ಡೊಂಕಾಗುತ್ತದೆ. ಪರಾವಲಂಬಿ ತಿನ್ನುವುದು ಮೃದ್ವಸ್ಥಿಯನ್ನು. ಅದರಿಂದ ಉಂಟಾಗುವ ಊತ ಮೆದುಳಿನ ಬುಡವನ್ನೂ ಬೆನ್ನುಹುರಿಯನ್ನೂ ಒತ್ತುವುದರಿಂದ ಈ ಗಿರಕಿ. ಚರ್ಮದ ಬಣ್ಣವನ್ನು ನಿಯಂತ್ರಿಸುವ ನರಗಳಿಗೆ ಪೆಟ್ಟು ಬೀಳುವುದರಿಂದ ಆ ಕಪ್ಪು ಬಾಲ. ಮರಿಯ ಎಲುಬು ಇನ್ನೂ ಗಟ್ಟಿಯಾಗದಿರುವಾಗ ಸೋಂಕು ತಗುಲಿದರೆ ಅಪಾಯ ಹೆಚ್ಚು. ಮೊಟ್ಟೆಯೊಡೆದು ಸುಮಾರು 9 ವಾರ ಕಳೆದು, ಉದ್ದ 40 ಮಿಲಿಮೀಟರ್ ದಾಟಿದ ಮೇಲೆ ಅದೇ ಸೋಂಕನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಪ್ರಕರಣದ ಉದ್ದಕ್ಕೂ ಈ 9 ವಾರಗಳ ಲೆಕ್ಕ ಮತ್ತೆ ಮತ್ತೆ ಅಡ್ಡ ಬರುತ್ತದೆ.

ಕಾಣದೆ ಹೋದ ಸಮಸ್ಯೆ

ಸತ್ತ ಮೀನು ತೇಲಿಬಂದರೆ ಯಾರಾದರೂ ದೂರು ಕೊಡುತ್ತಾರೆ. ಇಲ್ಲಿ ಹಾಗಾಗಲಿಲ್ಲ. ದೊಡ್ಡ ಮೀನುಗಳಿಗೆ ಏನೂ ಆಗಿರಲಿಲ್ಲ; ಗಾಳಕ್ಕೆ ಒಳ್ಳೆಯ ಗಾತ್ರದವೇ ಬೀಳುತ್ತಿದ್ದವು. ಮರಿಗಳು ಬೆರಳುದ್ದಕ್ಕೂ ಬೆಳೆಯದೆ ಕಲ್ಲುಗಳ ಸಂದಿಯಲ್ಲಿ ಸಾಯುತ್ತಿದ್ದವು, ಇಲ್ಲವೇ ನೆಟ್ಟಗೆ ಈಜಲಾಗದೆ ಬೇರೆ ಮೀನಿನ ಬಾಯಿಗೆ ಬೀಳುತ್ತಿದ್ದವು. ನೀರಿಗೆ ವಿದ್ಯುತ್ ಹಾಯಿಸಿ ಮೀನು ಹಿಡಿದು ಎಣಿಸುವ ಸಮೀಕ್ಷೆಯಲ್ಲಿ, 1990ರ ದಶಕದ ಆರಂಭದಲ್ಲಿ, ಒಂದು ವಿಚಿತ್ರ ಕಂಡಿತು. ದೊಡ್ಡವು ಇವೆ, ಒಂದೆರಡು ವರ್ಷದವು ಇಲ್ಲ. ವಯಸ್ಸಿನ ಪಟ್ಟಿಯ ಕೆಳಗಿನ ಸಾಲುಗಳು ಖಾಲಿ.

ಇದನ್ನು ರೋಗವೆಂದು ಒಪ್ಪಿಕೊಳ್ಳಲು ಹಿಂದೆಮುಂದೆ ನೋಡಿದ್ದು ಅರ್ಥವಾಗುವಂಥದ್ದೇ. ಗಿರಕಿ ರೋಗ ಮರಿಕೇಂದ್ರಗಳ, ಕೆಸರು ಕೊಳಗಳ ರೋಗ. ಹರಿಯುವ ನದಿಯಲ್ಲಿ ಅದು ದೊಡ್ಡ ಅನಾಹುತ ಮಾಡದು ಎಂಬ ನಂಬಿಕೆ ಬಹಳ ಮಂದಿಯಲ್ಲಿತ್ತು. ಪ್ರವಾಹ ಬಂತೇ, ಚಳಿ ಹೆಚ್ಚಾಯಿತೇ, ಬ್ರೌನ್ ಟ್ರೌಟ್ ತಿಂದಿತೇ ಎಂದು ಬೇರೆ ಬೇರೆ ಕಾರಣಗಳನ್ನು ಹುಡುಕಿದರು. ಸಂಶಯ ತೀರಿದ್ದು ಬೋನಿನ ಪ್ರಯೋಗದಿಂದ. ರೋಗವಿಲ್ಲದ ಮರಿಗಳನ್ನು ಜಾಲರಿಯ ಬೋನಿನಲ್ಲಿಟ್ಟು ನದಿಗಿಳಿಸಿ, ಕೆಲದಿನಗಳ ಬಳಿಕ ಶುದ್ಧ ನೀರಿಗೆ ತಂದು ಬೆಳೆಸಿ, ಆಮೇಲೆ ಪರೀಕ್ಷಿಸುವುದು. ಬೋನಿನ ಮರಿಯನ್ನು ಯಾವ ಬ್ರೌನ್ ಟ್ರೌಟೂ ತಿನ್ನಲಾರದು. ಆದರೂ ಅವುಗಳ ತಲೆಯಲ್ಲಿ ಪರಾವಲಂಬಿಯ ಬೀಜಾಣುಗಳು ತುಂಬಿದ್ದವು. ಅದೇ ಸುಮಾರಿಗೆ, 1994ರಲ್ಲಿ, ಉತ್ತರದ ಮೊಂಟಾನಾ ರಾಜ್ಯದ ಮ್ಯಾಡಿಸನ್ ನದಿಯಲ್ಲಿ ರೇನ್‌ಬೋ ಟ್ರೌಟ್ ಸಂಖ್ಯೆ ಸುಮಾರು 90 ಶೇಕಡಾ ಕುಸಿದದ್ದಕ್ಕೂ ಇದೇ ಕಾರಣ ಎಂದು ಗೊತ್ತಾದಾಗ, ನದಿಗೆ ಈ ರೋಗ ಬಾರದು ಎನ್ನುವ ವಾದ ಸತ್ತಿತು.

ಬೀಜಾಣು ಎಣಿಸುವ ವಿಧಾನವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ತೀರ್ಮಾನಗಳೆಲ್ಲ ಅದರ ಮೇಲೆಯೇ ನಿಂತಿವೆ. ಮೀನಿನ ತಲೆಯನ್ನು ಬೇಯಿಸಿ ಮೃದುಮಾಡಿ, ಪೆಪ್ಸಿನ್ ಮತ್ತು ಟ್ರಿಪ್ಸಿನ್ ಎಂಬ ಪಾಚಕ ಕಿಣ್ವಗಳಲ್ಲಿ ಕರಗಿಸುತ್ತಾರೆ. ಮಾಂಸ, ಎಲುಬು ಕರಗಿಹೋಗುತ್ತವೆ; ಬೀಜಾಣುವಿನ ಚಿಪ್ಪು ಮಾತ್ರ ಜಗ್ಗುವುದಿಲ್ಲ. ಉಳಿದ ದ್ರವದ ಒಂದು ಹನಿಯನ್ನು, ರಕ್ತಕಣ ಎಣಿಸುವ ಗೆರೆ ಕೊರೆದ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಗಿನ, ಒಂದು ತುದಿಯಲ್ಲಿ ಎರಡು ಪುಟ್ಟ ಕೋಶಗಳಿರುವ ಕಣಗಳು ಕಾಣುತ್ತವೆ. ಎಣಿಸಿ ಗುಣಿಸಿದರೆ ಒಂದು ತಲೆಯಲ್ಲಿ ಎಷ್ಟು ಎಂಬ ಅಂದಾಜು ಸಿಗುತ್ತದೆ. ಸಾವಿರ, ಹತ್ತು ಸಾವಿರ, ಕೆಲವೊಮ್ಮೆ ಲಕ್ಷಗಳು.

ಕೆಸರಿನಲ್ಲಿರುವ ಇನ್ನೊಂದು ಮನೆ

ಈ ಬೀಜಾಣುವನ್ನು ನೇರವಾಗಿ ಮೀನಿಗೆ ತಿನ್ನಿಸಿದರೆ ರೋಗ ಬರುವುದಿಲ್ಲ. ಎಷ್ಟೋ ಕಾಲ ಸಂಶೋಧಕರನ್ನು ಕಾಡಿದ ಒಗಟು ಇದು. 1984ರಲ್ಲಿ ಕೆನ್ ವೂಲ್ಫ್ ಮತ್ತು ಮರಿಯಾ ಮಾರ್ಕಿವ್ ಅದನ್ನು ಬಿಡಿಸಿದರು. ಬೀಜಾಣು ಮೊದಲು ಕೆಸರಿನ ಟ್ಯೂಬಿಫೆಕ್ಸ್ ಹುಳುವಿನ ಹೊಟ್ಟೆ ಸೇರಬೇಕು. ನಮ್ಮಲ್ಲಿ ಅಕ್ವೇರಿಯಂ ಅಂಗಡಿಗಳಲ್ಲಿ ಮೀನಿಗೆ ಹಾಕಲು ಮಾರುವ ಕೆಂಪು ಎಳೆಯಂಥ ಹುಳುಗಳ ಬಳಗದ್ದೇ ಇದು. ಹುಳುವಿನೊಳಗೆ ಪರಾವಲಂಬಿಯ ರೂಪವೇ ಬದಲಾಗುತ್ತದೆ. ಹೊರಬರುವುದು ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯಂತೆ ಒಂದು ಕಾಂಡ, ಮೂರು ಚಾಚುಗಳಿರುವ ಹಗುರ ಕಣ. ನೀರಿನಲ್ಲಿ ತೇಲುತ್ತಾ ಟ್ರೌಟ್ ಮರಿಯ ಚರ್ಮ ತಗುಲಿದೊಡನೆ ಎಳೆಗಳನ್ನು ಚಿಮ್ಮಿಸಿ ಅಂಟಿಕೊಳ್ಳುತ್ತದೆ. ಅದರೊಳಗಿನ ಜೀವಕೋಶಗಳು ಮೀನಿನೊಳಕ್ಕೆ ಇಳಿಯುತ್ತವೆ, ನರಗಳ ಗುಂಟ ಸಾಗಿ ಮೃದ್ವಸ್ಥಿ ಸೇರುತ್ತವೆ.

ಇದು ಗೊತ್ತಿದ್ದುದರಿಂದ ಮರಿಕೇಂದ್ರಗಳಲ್ಲಿ ಮಾಡಬೇಕಾದದ್ದೇನು ಎಂಬುದೂ ಸ್ಪಷ್ಟವಿತ್ತು: ಮಣ್ಣಿನ ಕೊಳದ ಬದಲು ಕಾಂಕ್ರೀಟ್ ಕಾಲುವೆ, ನದಿ ನೀರಿನ ಬದಲು ಬುಗ್ಗೆ ಅಥವಾ ಕೊಳವೆಬಾವಿ ನೀರು. ಹುಳುವಿಗೆ ಕೆಸರಿಲ್ಲದಿದ್ದರೆ ಚಕ್ರ ಮುರಿಯುತ್ತದೆ. ಆದರೆ ನಮ್ಮ ಪ್ರಕರಣದ ನದಿಗೆ ಅಡ್ಡಲಾಗಿ, ಮೇಲ್ಗಡೆ, ಆಳವಿಲ್ಲದ ಒಂದು ಜಲಾಶಯವಿತ್ತು. ಹೂಳು ತುಂಬಿದ, ಬೆಚ್ಚಗಿನ, ಹುಳುವಿಗೆ ಹೇಳಿ ಮಾಡಿಸಿದ ಜಾಗ. ಕೆಳಗಿನ ನದಿಗೆ ಸೋಂಕು ಹರಿಯುತ್ತಿದ್ದುದು ಬಹುಪಾಲು ಅಲ್ಲಿಂದಲೇ. ನದಿಗೆ ಕಾಂಕ್ರೀಟ್ ಹಾಸುವಂತಿಲ್ಲ, ಜಲಾಶಯದ ಹೂಳಿಗೆ ಔಷಧಿ ಸುರಿಯುವಂತಿಲ್ಲ.

ಕಾಲದ ಲೆಕ್ಕವೂ ರೇನ್‌ಬೋ ಟ್ರೌಟ್‌ನ ವಿರುದ್ಧವೇ ಇತ್ತು. ಅದು ವಸಂತದಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಬೇಸಿಗೆಯಲ್ಲಿ, ಸೋಂಕಿನ ಕಣಗಳು ಹೆಚ್ಚಾಗಿರುವ ಹೊತ್ತಿಗೇ ಹೊರಬರುತ್ತವೆ. ಶರತ್ಕಾಲದಲ್ಲಿ ಮೊಟ್ಟೆಯಿಡುವ ಬ್ರೌನ್ ಟ್ರೌಟ್‌ನ ಮರಿಗಳು ಅಷ್ಟು ಹೊತ್ತಿಗೆ ಬಲಿತಿರುತ್ತವೆ.

ಮೊದಲ ತೀರ್ಮಾನಗಳು

ಸರಕಾರದ ಎದುರಿಗಿದ್ದ ಮೊದಲ ಪ್ರಶ್ನೆ ಅಹಿತಕರವಾದದ್ದು. ರಾಜ್ಯದ ಮರಿಕೇಂದ್ರಗಳಲ್ಲಿ ಹಲವು ಸೋಂಕಿನ ಪಟ್ಟಿಯಲ್ಲಿದ್ದವು. ಈಗಾಗಲೇ ಸೋಂಕಿರುವ ನದಿಗೆ ಸೋಂಕಿನ ಮೀನು ಬಿಟ್ಟರೆ ನಷ್ಟವೇನು ಎಂಬ ವಾದ ಕೆಲಕಾಲ ನಡೆಯಿತು, ಬಿತ್ತನೆಯೂ ನಡೆಯಿತು. ಗಾಳದ ಪರವಾನಗಿ ಕೊಂಡವರಿಗೆ ಮೀನು ಬೇಕು, ಇಲಾಖೆಗೆ ಆ ವರಮಾನ ಬೇಕು. ಈ ವಾದದಲ್ಲಿ ಒಂದು ಕುರುಡು ಇದೆ. ಸೋಂಕು ಇದೆಯೋ ಇಲ್ಲವೋ ಎಂಬುದಕ್ಕಿಂತ ಎಷ್ಟಿದೆ ಎಂಬುದೇ ಮರಿಯ ಹಣೆಬರಹ ಬರೆಯುತ್ತದೆ. ಬಿಟ್ಟ ಪ್ರತಿ ಸೋಂಕಿನ ಮೀನು ಸತ್ತ ಮೇಲೆ ತನ್ನ ತಲೆಯ ಬೀಜಾಣುಗಳನ್ನೆಲ್ಲ ಕೆಸರಿಗೆ ಕೊಟ್ಟು ಹೋಗುತ್ತದೆ. ಆ ಮೇಲೆ ಮರಿಕೇಂದ್ರಗಳ ಶುದ್ಧೀಕರಣಕ್ಕೆ ಹಣ ಬಂತು, ಬಿತ್ತನೆ ನಿಯಮಗಳು ಬಿಗಿಯಾದವು. ಆದರೆ ನದಿಯಲ್ಲಿ ರೇನ್‌ಬೋ ಮರಿಗಳು ಮಾತ್ರ ಮರಳಲಿಲ್ಲ. ಖಾಲಿಯಾದ ಜಾಗವನ್ನು ಬ್ರೌನ್ ಟ್ರೌಟ್ ತುಂಬಿಕೊಂಡಿತು.

ತಿರುವು ಬಂದದ್ದು ಜರ್ಮನಿಯಿಂದ. ಬವೇರಿಯಾದ ಒಂದು ಸಾಕಣೆ ಕೇಂದ್ರದಲ್ಲಿ ರೇನ್‌ಬೋ ಟ್ರೌಟನ್ನು ತಲೆಮಾರುಗಳಿಂದ ಸೋಂಕಿನ ಕೊಳಗಳಲ್ಲೇ ಸಾಕುತ್ತಿದ್ದರು. ಸಾಯುವವು ಸತ್ತು, ಉಳಿದವುಗಳಿಂದಲೇ ಮುಂದಿನ ಪೀಳಿಗೆ. ಯಾರೂ ರೋಗನಿರೋಧಕ ತಳಿ ಮಾಡಬೇಕೆಂದು ಹೊರಟಿರಲಿಲ್ಲ. ಕೊಳವೇ ಆ ಕೆಲಸ ಮಾಡಿತ್ತು. ಪ್ರಯೋಗಾಲಯದಲ್ಲಿ ಈ ಮೀನನ್ನೂ ಸಾಮಾನ್ಯ ಅಮೆರಿಕನ್ ತಳಿಯನ್ನೂ ಒಂದೇ ಪ್ರಮಾಣದ ಸೋಂಕಿಗೆ ಒಡ್ಡಿ ನೋಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಜರ್ಮನ್ ಮೀನಿಗೂ ಸೋಂಕು ತಗುಲಿತು, ಆದರೆ ಬೀಜಾಣುಗಳ ಸಂಖ್ಯೆ ಬಹಳ ಕಡಿಮೆ. ಶತಮಾನದ ಹಿಂದೆ ಕ್ಯಾಲಿಫೋರ್ನಿಯಾ ಬಿಟ್ಟುಹೋದ ಮೀನು ರೋಗವನ್ನು ಅರಗಿಸಿಕೊಳ್ಳುವುದನ್ನು ಕಲಿತು ಮರಳುವ ಹಾದಿಯಲ್ಲಿತ್ತು.

ತರಿಸಿದ್ದು ಮೊಟ್ಟೆಗಳನ್ನು, ಜೀವಂತ ಮೀನನ್ನಲ್ಲ. ಈ ಪರಾವಲಂಬಿ ತಾಯಿಯಿಂದ ಮೊಟ್ಟೆಗೆ ದಾಟುವುದಿಲ್ಲ. ರೋಗದ ತವರಿನಿಂದ ತಂದರೂ ಗಿರಕಿ ರೋಗದ ಮಟ್ಟಿಗೆ ಮೊಟ್ಟೆ ಸುರಕ್ಷಿತ. ಕಾಶ್ಮೀರ, ಹಿಮಾಚಲದ ಟ್ರೌಟ್ ಕೇಂದ್ರಗಳಿಗೆ ಹೊರದೇಶದಿಂದ ಮೊಟ್ಟೆ ತರಿಸುವ ನಮ್ಮವರಿಗೂ ಈ ವ್ಯತ್ಯಾಸ ಮುಖ್ಯ. ಆದರೆ ಇದೇ ಮಾತು ವೈರಸ್ ರೋಗಗಳಿಗೆ ಅನ್ವಯಿಸುವುದಿಲ್ಲ; ಕೆಲವು ವೈರಸ್‌ಗಳು ಮೊಟ್ಟೆಯ ಜೊತೆಗೇ ಬರುತ್ತವೆ. ಒಂದು ರೋಗಕ್ಕೆ ಹೊಂದುವ ನಿಯಮವನ್ನು ಎಲ್ಲಕ್ಕೂ ಎಳೆಯುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ನಿರೋಧಕ ಶಕ್ತಿ ಇದ್ದರೆ ಸಾಕೇ?

ಪ್ರಕರಣದ ಗಂಟು ಇರುವುದು ಇಲ್ಲಿ. ಜರ್ಮನ್ ಮೀನು ಬೇಗ ಬೆಳೆಯುತ್ತದೆ, ರೋಗ ತಾಳುತ್ತದೆ. ಆದರೆ ಅದು ಸಾಕುಮೀನು. ನೂರು ವರ್ಷ ಹೊತ್ತುಹೊತ್ತಿಗೆ ಆಹಾರ ತಿಂದು ಬೆಳೆದ ವಂಶ. ಮೇಲೆ ನೆರಳು ಹಾದರೆ ಕಾಡಿನ ಮೀನು ಕಲ್ಲಿನ ಮರೆಗೆ ಓಡುತ್ತದೆ. ಸಾಕಿದ ಮೀನು ಆಹಾರ ಬಂತೆಂದು ಮೇಲೆ ಬರುತ್ತದೆ. ಅದನ್ನೇ ನೇರವಾಗಿ ನದಿಗೆ ಬಿಡುವುದೋ, ಸ್ಥಳೀಯ ತಳಿಯೊಡನೆ ಸಂಕರ ಮಾಡುವುದೋ? ಸಂಕರವಾದರೆ ಜರ್ಮನ್ ಪಾಲು ಎಷ್ಟಿರಬೇಕು?

ಸಂಕರದ ದಾರಿಯನ್ನು ಆರಿಸಿಕೊಂಡರು. ಮೊದಲ ಪೀಳಿಗೆಯ ಸಂಕರ ಮೀನುಗಳು ಪ್ರಯೋಗಾಲಯದಲ್ಲಿ ಚೆನ್ನಾಗಿಯೇ ತಡೆದುಕೊಂಡವು. ವೇಗದ ನೀರಿನಲ್ಲಿ ಈಜಿಸಿ ನೋಡಿದ ಪರೀಕ್ಷೆಗಳಲ್ಲಿ, ನಿರೋಧಕ ಶಕ್ತಿಗಾಗಿ ಈಜುವ ಬಲವನ್ನು ತೆತ್ತಂತೆ ಕಾಣಲಿಲ್ಲ. ತೊಂದರೆ ಕಂಡದ್ದು ಅದರ ಮುಂದಿನ ಪೀಳಿಗೆಗಳಲ್ಲಿ, ಅದರಲ್ಲೂ ಸ್ಥಳೀಯ ತಳಿಗೆ ಮತ್ತೆ ಕೂಡಿಸಿದವುಗಳಲ್ಲಿ. ಒಂದೇ ಗುಂಪಿನ ಒಂದು ಮೀನಿನ ತಲೆಯಲ್ಲಿ ಬೀಜಾಣು ಕಡಿಮೆ, ಇನ್ನೊಂದರಲ್ಲಿ ವಿಪರೀತ. 2011ರಲ್ಲಿ ಬೇರೊಂದು ತಂಡ ಒಂಬತ್ತನೆಯ ವರ್ಣತಂತುವಿನ ಒಂದು ಭಾಗವೇ ಈ ನಿರೋಧಕ ಶಕ್ತಿಯ ಬಹುಪಾಲನ್ನು ನಿರ್ಧರಿಸುತ್ತದೆ ಎಂದು ತೋರಿಸಿದ ಮೇಲೆ ಇದರ ಅರ್ಥ ಸ್ಪಷ್ಟವಾಯಿತು. ದೊಡ್ಡ ಪರಿಣಾಮದ ಒಂದೇ ತುಣುಕು ಸಿಕ್ಕವರಿಗೆ ಸಿಕ್ಕಿತು, ಸಿಗದವರಿಗೆ ಇಲ್ಲ. ನದಿಯಲ್ಲಿ ಮೀನುಗಳು ತಮಗಿಷ್ಟ ಬಂದಂತೆ ಕೂಡುತ್ತವೆ. ಅಲ್ಲಿ ಈ ಹಂಚಿಕೆ ನಮ್ಮ ಕೈಯಲ್ಲಿರುವುದಿಲ್ಲ.

ನದಿಗೆ ಇಳಿದ ಮೇಲೆ

2000ರ ದಶಕದ ನಡುವಿನಲ್ಲಿ ಸಂಕರ ಮೀನುಗಳನ್ನು ಗುರುತು ಹಾಕಿ ನದಿಗೆ ಬಿಟ್ಟರು. ಮರಿಗಳನ್ನಲ್ಲ, ಬೆಳೆದ ಮೀನುಗಳನ್ನು. ತರ್ಕ ಸರಿಯಾಗಿಯೇ ಇತ್ತು: 9 ವಾರಗಳ ಗಂಡಾಂತರ ದಾಟಿರುವ ಮೀನು, ಬೇಗ ಮೊಟ್ಟೆಯಿಡುತ್ತದೆ, ಬ್ರೌನ್ ಟ್ರೌಟ್‌ನ ಬಾಯಿಗೆ ಹಿಡಿಸದು.

ಫಲಿತಾಂಶ ನೋಡಿದರೆ ಎದೆ ಧಸಕ್ಕೆನ್ನಬೇಕು. ಅಧ್ಯಯನದ ಇಡೀ ಅವಧಿಗೆ ಅಂದಾಜಿಸಿದ ಉಳಿವಿನ ಪ್ರಮಾಣ 0.007. ಎಂದರೆ ಸಾವಿರಕ್ಕೆ ಏಳು. ಇದು ತೋರಿಕೆಯ ಉಳಿವು ಎಂಬುದನ್ನು ನೆನಪಿಡಬೇಕು. ಸತ್ತದ್ದನ್ನೂ ಆ ಹರವಿನಿಂದ ಈಜಿ ಹೊರಟುಹೋದದ್ದನ್ನೂ ಈ ಲೆಕ್ಕ ಬೇರ್ಪಡಿಸುವುದಿಲ್ಲ. ಹಾಗಿದ್ದರೂ ಯಾವ ಇಲಾಖೆಯ ಸಭೆಯಲ್ಲಾದರೂ ಈ ಸಂಖ್ಯೆಯನ್ನು ಮುಂದಿಟ್ಟರೆ ಯೋಜನೆಗೆ ಮಂಗಳ ಹಾಡುವುದು ಸಹಜ.

ಅವರು ಹಾಡಲಿಲ್ಲ. ಬಿಟ್ಟ ಮೀನಿನ ಲೆಕ್ಕದ ಜೊತೆಗೆ ಪ್ರತಿ ವರ್ಷ ದಂಡೆಯ ಅಂಚಿನ ಮರಿಗಳನ್ನು ಹಿಡಿದು, ಅವುಗಳ ವಂಶವಾಹಿಯ ಮೂಲಕ ಯಾವ ತಳಿಯ ಸಂತಾನ ಎಂದು ನೋಡುವ ಕೆಲಸವನ್ನೂ ಮೊದಲೇ ಯೋಜನೆಯಲ್ಲಿ ಸೇರಿಸಿದ್ದರು. ನನ್ನ ಮಟ್ಟಿಗೆ ಇಡೀ ಪ್ರಕರಣದ ಅತ್ಯಂತ ಬುದ್ಧಿವಂತ ತೀರ್ಮಾನ ಇದೇ. 2007ರಲ್ಲಿ ಸಿಕ್ಕ ರೇನ್‌ಬೋ ಮರಿಗಳೆಲ್ಲ ಹಳೆಯ ಕೊಲೊರಾಡೊ ತಳಿಯವು. 2008ರಿಂದ ಸಂಕರದ ಸಂತಾನ ಕಾಣಿಸತೊಡಗಿತು. 2011ರ ಹೊತ್ತಿಗೆ ಮರಿಗಳಲ್ಲಿ 80 ಶೇಕಡಾದಷ್ಟು ಜರ್ಮನ್ ರಕ್ತ ಬೆರೆತವು. ಬಿಟ್ಟವುಗಳಲ್ಲಿ ಬಹುತೇಕ ಎಲ್ಲವೂ ಕಾಣೆಯಾಗಿದ್ದವು. ಉಳಿದ ಬೆರಳೆಣಿಕೆಯವು ಮೊಟ್ಟೆಯಿಟ್ಟಿದ್ದವು, ಆ ಮರಿಗಳು ಬೇಸಿಗೆಯನ್ನು ದಾಟಿದ್ದವು. ಹಳೆಯ ತಳಿಯ ಮರಿಗಳು ದಾಟಿರಲಿಲ್ಲ.

ಬೀಜಾಣುಗಳ ಸರಾಸರಿ 2009ರಲ್ಲಿ ಪ್ರತಿ ಮರಿಗೆ 47,708 ಇದ್ದದ್ದು 2011ರಲ್ಲಿ 2,672ಕ್ಕೆ ಇಳಿಯಿತು. ಈ ಸಂಖ್ಯೆಯನ್ನು ಎತ್ತಿ ಹೇಳುವವರು ಅದರ ಪಕ್ಕದಲ್ಲಿರುವ ದೋಷದ ಅಂಚನ್ನೂ ಹೇಳಬೇಕು: 2011ರದ್ದಕ್ಕೆ 4,379. ಅಂಚು ಸರಾಸರಿಗಿಂತ ದೊಡ್ಡದು. ಕೆಲವು ಮರಿಗಳಲ್ಲಿ ಬೀಜಾಣು ಇಲ್ಲವೇ ಇಲ್ಲ, ಕೆಲವದರಲ್ಲಿ ಹೇರಳ ಎಂದಾಗ ಹೀಗಾಗುತ್ತದೆ. ಇಳಿಕೆಯ ದಿಕ್ಕನ್ನು ನಂಬಬಹುದು. ನಾಲ್ಕಂಕಿಯ ನಿಖರತೆಯನ್ನು ನಂಬಬೇಕಿಲ್ಲ.

ಕೈಬಿಟ್ಟದ್ದು, ಉಳಿಸಿಕೊಂಡದ್ದು

ಬೆಳೆದ ಮೀನು ಬಿಡುವುದರ ವೆಚ್ಚಕ್ಕೂ ಸಾವಿರಕ್ಕೆ ಏಳರ ಫಲಕ್ಕೂ ತಾಳೆಯಾಗುವುದಿಲ್ಲ. ಹಾಗಾಗಿ ಮುಂದೆ ಒತ್ತು ಮರಿ ಬಿತ್ತನೆಯ ಕಡೆಗೆ ಹೊರಳಿತು. ಕೇಂದ್ರದಲ್ಲಿ ಬಹಳ ದಿನ ಇಟ್ಟುಕೊಳ್ಳದೆ ಚಿಕ್ಕದಿರುವಾಗಲೇ ಬಿಟ್ಟರೆ ಮೀನು ಸಾಕುಪ್ರಾಣಿಯ ಚಾಳಿ ಕಲಿಯುವ ಮುನ್ನವೇ ನದಿಯ ಪಾಠ ಕಲಿಯುತ್ತದೆ. ಮರಿಯೊಂದರ ಬೆಲೆಯೂ ಕಡಿಮೆ, ಹೆಚ್ಚು ಸತ್ತರೂ ಲೆಕ್ಕ ಸರಿಹೋಗುತ್ತದೆ. 9 ವಾರದ ಗಂಡಾಂತರಕ್ಕೆ ಹೆದರಿ ದೊಡ್ಡದನ್ನು ಬಿಟ್ಟವರು, ನಿರೋಧಕ ತಳಿ ಕೈಗೆ ಬಂದ ಮೇಲೂ ಅದೇ ಹೆದರಿಕೆಯಲ್ಲಿ ಕೆಲವು ವರ್ಷ ಮುಂದುವರಿದರು ಎಂದು ನನಗನ್ನಿಸುತ್ತದೆ. ಸಮಸ್ಯೆ ಬದಲಾದಾಗ ಹಳೆಯ ಎಚ್ಚರಿಕೆಯನ್ನು ಮತ್ತೆ ತೂಗಿ ನೋಡಲು ಹೊತ್ತು ಹಿಡಿಯುತ್ತದೆ.

ಬ್ರೌನ್ ಟ್ರೌಟನ್ನು ತೆಗೆದುಹಾಕಿದರೆ ರೇನ್‌ಬೋ ಉಳಿಯುತ್ತದೆಯೇ ಎಂದು ಅದೇ ರಾಜ್ಯದ ಇನ್ನೊಂದು ನದಿಯಲ್ಲಿ ಪ್ರಯತ್ನಿಸಿದರು. ಶ್ರಮ ಬಹಳ, ಪ್ರಯೋಜನ ಕಾಣಲಿಲ್ಲ. ಕೈಬಿಟ್ಟದ್ದು ಒಳ್ಳೆಯದಾಯಿತು.

ಇಷ್ಟೆಲ್ಲ ಮಾಡುವ ಬದಲು ಸುಮ್ಮನೆ ಕಾದಿದ್ದರೆ? ಇದು ತಮಾಷೆಯ ಪ್ರಶ್ನೆಯಲ್ಲ. ಮೊಂಟಾನಾದ ಒಂದು ಸರೋವರದ ಕಾಡು ರೇನ್‌ಬೋ ಟ್ರೌಟ್‌ಗಳಲ್ಲಿ, ಯಾರ ಸಹಾಯವೂ ಇಲ್ಲದೆ, ಕೆಲವೇ ವರ್ಷಗಳಲ್ಲಿ ನಿರೋಧಕ ಶಕ್ತಿ ಹೆಚ್ಚಿದ್ದನ್ನು 2008ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. ಬವೇರಿಯಾದ ಕೊಳದಲ್ಲಿ ನಡೆದದ್ದೇ ಅಲ್ಲೂ ನಡೆದಿತ್ತು. ಆದರೆ ಆಯ್ಕೆ ನಡೆಯಬೇಕಾದರೆ ಆಯ್ಕೆಗೆ ಒಂದಿಷ್ಟು ಉಳಿದಿರಬೇಕು. ಕೊಲೊರಾಡೊದ ಈ ಹರವಿನಲ್ಲಿ ಮರಿಗಳು ವರ್ಷಗಟ್ಟಲೆ ಹೆಚ್ಚುಕಡಿಮೆ ಶೂನ್ಯಕ್ಕೆ ಬಂದಿದ್ದವು, ದೊಡ್ಡವು ಮುದಿಯಾಗುತ್ತಿದ್ದವು, ಮೇಲಿನ ಜಲಾಶಯ ಸೋಂಕನ್ನು ಬಿಡದೆ ಸುರಿಸುತ್ತಿತ್ತು. ಕಾಯುವುದಕ್ಕೆ ಮೊಂಟಾನಾದಲ್ಲಿ ಮೀನಿತ್ತು, ಇಲ್ಲಿರಲಿಲ್ಲ. ಹೊರಗಿನಿಂದ ತಂದು ಬೆರೆಸಿದ್ದು ಈ ನದಿಯ ಮಟ್ಟಿಗೆ ಸರಿ. ಕಾಡು ಮೀನು ಇನ್ನೂ ಸಾಕಷ್ಟಿರುವ ನದಿಗೆ ಅದೇ ಚಿಕಿತ್ಸೆ ಬರೆದುಕೊಟ್ಟರೆ, ಅಲ್ಲೇ ಮೂಡುತ್ತಿರುವ ನಿರೋಧಕ ಶಕ್ತಿಯನ್ನು ಸಾಕುಮೀನಿನ ರಕ್ತದಿಂದ ತೆಳುಮಾಡಿದಂತಾಗುತ್ತದೆ.

ಮುಟ್ಟಲಾಗದು ಎಂದುಕೊಂಡಿದ್ದ ಜಲಾಶಯಕ್ಕೂ ಕೊನೆಗೆ ಕೈಹಾಕಿದರು. ಅದನ್ನು ಸುತ್ತಿಕೊಂಡು ನದಿ ತನ್ನ ಪಾಡಿಗೆ ಹರಿಯುವಂತೆ ಒಂದು ಪಕ್ಕದ ಕಾಲುವೆ ತೋಡುವ ಕೆಲಸ 2022ರಲ್ಲಿ ಶುರುವಾಯಿತು. ಅದರ ಹಿಂದೆ ಗಿರಕಿ ರೋಗ ಒಂದೇ ಕಾರಣವಲ್ಲ. ಕೆಳಗಿನ ನೀರಿನ ಬಿಸಿ, ಹೂಳು, ಮೀನಿನ ಓಡಾಟಕ್ಕೆ ಅಡ್ಡಿ, ನದಿಯ ಕೀಟಗಳ ಕುಸಿತ ಎಲ್ಲವೂ ಆ ಕಡತದಲ್ಲಿದ್ದವು. ಮೀನಿನ ತಲೆಯೊಳಗಿನ ಬೀಜಾಣುವನ್ನಷ್ಟೇ ಎಣಿಸುತ್ತಾ ಕುಳಿತಿದ್ದರೆ ಆ ಕಾಲುವೆಗೆ ಹಣ ಮಂಜೂರಾಗುತ್ತಿರಲಿಲ್ಲ ಎಂಬುದು ನನ್ನ ಅನುಮಾನ.